ಜೆಬಿಎಲ್ ಎಂಬ ಹೆಸರಿನ ಹಿಂದೊಬ್ಬ ಮನುಷ್ಯ

ಹಾಸ್ಟೆಲ್ ಕೋಣೆಯ ಕಿಟಕಿಯಲ್ಲಿ, ಕಾರಿನ ಬಾಗಿಲಿನಲ್ಲಿ, ಸಿನಿಮಾ ಮಂದಿರದ ಗೋಡೆಯಲ್ಲಿ ನಾವೆಲ್ಲ ನೋಡಿರುವ ಮೂರು ಅಕ್ಷರ ಜೆಬಿಎಲ್. ಬ್ಲೂಟೂತ್ ಸ್ಪೀಕರ್ ಕೊಳ್ಳಲು ದುಡ್ಡು ಕೂಡಿಸುತ್ತಿರುವ ಯಾವ ಹುಡುಗನನ್ನು ಕೇಳಿದರೂ ಈ ಹೆಸರು ಬಾಯಿಗೆ ಬರುತ್ತದೆ. ಆದರೆ ಅದು ಒಬ್ಬ ಮನುಷ್ಯನ ಹೆಸರು ಎಂದು ಗೊತ್ತಿರುವವರು ಕಡಿಮೆ. ಎಲೆಕ್ಟ್ರಾನಿಕ್ಸ್ ಅಂಡ್ ಕಮ್ಯುನಿಕೇಷನ್ ಓದುತ್ತಿದ್ದರೂ ಐದನೇ ಸೆಮಿಸ್ಟರ್‌ವರೆಗೆ ನನಗೂ ಗೊತ್ತಿರಲಿಲ್ಲ.

ನಾನು ಹುಡುಕಲು ಹೊರಟಿದ್ದು ಮನುಷ್ಯನನ್ನಲ್ಲ, ಬೆಲೆಯನ್ನು. ಇದೇ ಹೆಸರಿನ ಸಣ್ಣ ಸ್ಪೀಕರ್ ಕೆಲವು ಸಾವಿರ ರೂಪಾಯಿಗೆ ಸಿಗುತ್ತದೆ. ಇದೇ ಹೆಸರಿನ ಎವರೆಸ್ಟ್ ಎಂಬ ಸರಣಿಯೂ ಇದೆ. ಕಂಪನಿಗೆ 60 ವರ್ಷ ತುಂಬಿದ 2006ರಲ್ಲಿ ಬಂದ ಎವರೆಸ್ಟ್ ಡಿಡಿ66000 ಸ್ಪೀಕರಿನ ಬೆಲೆ ಅಮೆರಿಕದಲ್ಲಿ ಜೋಡಿಗೆ ಸುಮಾರು 60 ಸಾವಿರ ಡಾಲರ್ ಇತ್ತು. ಆಮೇಲೆ ಅದರ ಜಾಗಕ್ಕೆ ಬಂದ ಡಿಡಿ67000 ಬೆಲೆ ಸುಮಾರು 75 ಸಾವಿರ ಡಾಲರ್ ಇತ್ತು. ಇಂದಿನ ಲೆಕ್ಕದಲ್ಲಿ 60 ಲಕ್ಷ ರೂಪಾಯಿಗೂ ಮೇಲೆ. ಅಷ್ಟಕ್ಕೇ ನಿಲ್ಲುವುದಿಲ್ಲ. ಅಮೆರಿಕದ ವಿಲ್ಸನ್ ಆಡಿಯೊ ಕಂಪನಿ ಕೇವಲ 70 ಜೋಡಿ ಮಾಡುವುದಾಗಿ ಹೇಳಿ ತಂದ ‘ವ್ಯಾಮ್ ಮಾಸ್ಟರ್ ಕ್ರೊನೊಸಾನಿಕ್’ ಸ್ಪೀಕರಿನ ಬೆಲೆ ಶುರುವಿನಲ್ಲೇ ಜೋಡಿಗೆ 6,85,000 ಡಾಲರ್ ಇತ್ತು. ಆಗಿನ ಲೆಕ್ಕದಲ್ಲೇ ನಾಲ್ಕು ಕೋಟಿ ರೂಪಾಯಿ ದಾಟುತ್ತದೆ.

ಒಂದು ಆಯಸ್ಕಾಂತ, ಒಂದಿಷ್ಟು ತಂತಿ, ಒಂದು ಕಾಗದದ ಕೋನ್, ಒಂದು ಮರದ ಪೆಟ್ಟಿಗೆ. ಇಷ್ಟಕ್ಕೆ ಅಷ್ಟು ದುಡ್ಡು ಯಾಕೆ ಎಂಬುದು ನನ್ನ ಪ್ರಶ್ನೆ. ಉತ್ತರ ಹುಡುಕುತ್ತಾ ಹೋದಾಗ ಸಿಕ್ಕಿದ್ದು ಜೇಮ್ಸ್ ಬುಲೋ ಲ್ಯಾನ್ಸಿಂಗ್ ಎಂಬ ಮೆಕ್ಯಾನಿಕ್‌ನ ಬದುಕು. ಜಗತ್ತಿನ ಅತಿ ದುಬಾರಿ ಸದ್ದಿಗೆ ತನ್ನ ಹೆಸರು ಕೊಟ್ಟವನು ಸಾಲದಲ್ಲಿದ್ದಾಗಲೇ ತೀರಿಕೊಂಡ. ಕೆಲಸ ಹುಡುಕುತ್ತಿರುವ, ಕೆಲಸ ಕಲಿಯುತ್ತಿರುವ ನಮ್ಮಂಥವರು ಓದಲೇಬೇಕಾದ ಕಥೆ ಎಂದು ನನಗೆ ಅನ್ನಿಸಿದ್ದು ಅದಕ್ಕೇ.

ಮಾರ್ಟಿನಿ ಮನೆಯ ಹುಡುಗ

1902ರ ಜನವರಿ 14ರಂದು ಅಮೆರಿಕದ ಇಲಿನಾಯ್ ರಾಜ್ಯದ ಮಕೂಪಿನ್ ಕೌಂಟಿಯಲ್ಲಿ ಹುಟ್ಟಿದಾಗ ಅವನ ಹೆಸರು ಜೇಮ್ಸ್ ಮಾರ್ಟಿನಿ. ತಂದೆ ಹೆನ್ರಿ ಮಾರ್ಟಿನಿ ಕಲ್ಲಿದ್ದಲು ಗಣಿಗಳಲ್ಲಿ ಎಂಜಿನಿಯರ್. ಹದಿನಾಲ್ಕು ಮಕ್ಕಳ ಮನೆ, ಇವನು ಒಂಬತ್ತನೆಯವನು. ತಂದೆಯ ಕೆಲಸದ ಹಿಂದೆ ಸಂಸಾರವೂ ಊರಿಂದ ಊರಿಗೆ ಹೋಗುತ್ತಿತ್ತು.

ಹತ್ತು ವರ್ಷದ ಹುಡುಗ ಲೇಡನ್ ಜಾರ್ ಮಾಡಿಕೊಂಡು ಜತೆಗಾರರಿಗೆ ಶಾಕ್ ಕೊಡುತ್ತಿದ್ದ ಎಂದು ಅವನ ಬಗ್ಗೆ ಬರೆದವರು ಹೇಳುತ್ತಾರೆ. ಗಾಜಿನ ಭರಣಿಯ ಒಳಗೂ ಹೊರಗೂ ಲೋಹದ ಹಾಳೆ ಅಂಟಿಸಿ ವಿದ್ಯುತ್ ಕೂಡಿಡುವ ಸಾಧನ ಅದು. ನಾವು ಪಿಯುಸಿಯಲ್ಲಿ ಓದಿದ ಕೆಪಾಸಿಟರ್‌ನ ಅಜ್ಜ ಎನ್ನಬಹುದು. ಹನ್ನೆರಡರ ಸುಮಾರಿಗೆ ಸಣ್ಣ ರೇಡಿಯೊ ಟ್ರಾನ್ಸ್‌ಮಿಟರ್ ಒಂದನ್ನೂ ಜೋಡಿಸಿದ್ದನಂತೆ.

ಎಂಜಿನಿಯರಿಂಗ್ ಪದವಿ ಅವನ ಪಾಲಿಗೆ ಬರಲಿಲ್ಲ. ಹೊಟ್ಟೆಪಾಡಿಗೆ ಹಿಡಿದದ್ದು ಕಾರು ರಿಪೇರಿ. ಕೆಲಸ ಮಾಡುತ್ತಿದ್ದ ಕಾರು ಮಾರಾಟಗಾರರೇ ಡೆಟ್ರಾಯಿಟ್‌ನ ಆಟೊಮೊಬೈಲ್ ಶಾಲೆಗೆ ಕಳಿಸಿ ಕಲಿಸಿದರು. ಮುಂದೆ ಲೋಹವನ್ನು ಕೂದಲೆಳೆಯಷ್ಟು ಅಳತೆಯಲ್ಲಿ ಕೊರೆಯುವ ಅವನ ಕೈಚಳಕಕ್ಕೆ ಬುನಾದಿ ಬಿದ್ದದ್ದು ಗ್ಯಾರೇಜಿನ ಗ್ರೀಸಿನಲ್ಲೇ.

1924ರಲ್ಲಿ ತಾಯಿ ತೀರಿಕೊಂಡಳು. ಜೇಮ್ಸ್ ಮನೆ ಬಿಟ್ಟು ಪಶ್ಚಿಮಕ್ಕೆ ಹೊರಟ. ಸಾಲ್ಟ್ ಲೇಕ್ ಸಿಟಿಯ ರೇಡಿಯೊ ಕೇಂದ್ರವೊಂದರಲ್ಲಿ ಕೆಲಸ ಸಿಕ್ಕಿತು. ಅಲ್ಲೇ ಗ್ಲೆನ್ನಾ ಪೀಟರ್ಸನ್ ಪರಿಚಯವಾದಳು, 1925ರಲ್ಲಿ ಮದುವೆ. ಅದೇ ಊರಿನಲ್ಲಿ ಕೆನ್ ಡೆಕರ್ ಎಂಬ ಇನ್ನೊಬ್ಬನ ಸ್ನೇಹವೂ ಆಯಿತು. ಈ ಹೆಸರು ನೆನಪಿರಲಿ. ಲ್ಯಾನ್ಸಿಂಗ್ ಕೈ ಯಂತ್ರದ ಮೇಲಿದ್ದರೆ ಡೆಕರ್ ಕಣ್ಣು ವ್ಯಾಪಾರದ ಮೇಲಿತ್ತು.

ಇಬ್ಬರೂ ಲಾಸ್ ಏಂಜಲೀಸ್‌ಗೆ ಬಂದು 1927ರ ಮಾರ್ಚ್‌ನಲ್ಲಿ ‘ಲ್ಯಾನ್ಸಿಂಗ್ ಮ್ಯಾನ್ಯುಫ್ಯಾಕ್ಚರಿಂಗ್ ಕಂಪನಿ’ ನೋಂದಾಯಿಸಿದರು. ಅದೇ ಹೊತ್ತಿಗೆ ಜೇಮ್ಸ್ ಮಾರ್ಟಿನಿ ತನ್ನ ಹೆಸರನ್ನು ಜೇಮ್ಸ್ ಬುಲೋ ಲ್ಯಾನ್ಸಿಂಗ್ ಎಂದು ಬದಲಿಸಿಕೊಂಡ. ತಾನೇ ಆರಿಸಿಕೊಂಡ ಹೆಸರು. ಆಗ ಅವನಿಗೆ 25 ವರ್ಷ. ಮನೆಗಳಲ್ಲಿ ಇಡುವ ರೇಡಿಯೊಗಳಿಗೆ ಆರು, ಎಂಟು ಇಂಚಿನ ಸ್ಪೀಕರ್ ಮಾಡಿಕೊಡುವುದು ಮೊದಲ ವ್ಯಾಪಾರ.

ಸಿನಿಮಾ ಮಾತಾಡಿದಾಗ

1927ರಲ್ಲೇ ಹಾಲಿವುಡ್ ಸಿನಿಮಾ ಮಾತಾಡಲು ಶುರುಮಾಡಿತು. ಚಿತ್ರಮಂದಿರಗಳಿಗೆ ಹೊಸ ತಲೆನೋವು ಬಂತು. ಆ ಕಾಲದ ಆಂಪ್ಲಿಫೈಯರ್‌ಗಳ ಶಕ್ತಿ ಕೆಲವೇ ವ್ಯಾಟ್. ಅಷ್ಟರಲ್ಲೇ ಸಾವಿರಾರು ಜನರಿಗೆ ಕೇಳಿಸಬೇಕು. ಅದಕ್ಕೆ ಉದ್ದನೆಯ ಹಾರ್ನ್‌ಗಳನ್ನು ಬಳಸುತ್ತಿದ್ದರು. ನಾವು ಕೈಯನ್ನು ಬಾಯಿಗೆ ಕೊಳವೆ ಮಾಡಿ ಕೂಗುತ್ತೇವಲ್ಲ, ಅದೇ ಸೂತ್ರ. ತೊಂದರೆ ಏನೆಂದರೆ, ದಪ್ಪ ದನಿಯ ಹಾರ್ನ್ ಉದ್ದ, ತೆಳು ದನಿಯ ಹಾರ್ನ್ ಗಿಡ್ಡ. ಸದ್ದು ಒಂದು ಮೀಟರ್ ಹೋಗಲು ಸುಮಾರು 3 ಮಿಲಿಸೆಕೆಂಡ್ ಬೇಕು. ಉದ್ದ ಹಾರ್ನಿನೊಳಗಿಂದ ಬರುವ ಸದ್ದು ಅಷ್ಟು ತಡವಾಗಿ ಬರುತ್ತಿತ್ತು. ನರ್ತಕಿ ಶೂ ಹಾಕಿಕೊಂಡು ಒಂದು ಹೆಜ್ಜೆ ಕುಟ್ಟಿದರೆ ಮಂದಿರದಲ್ಲಿ ಎರಡು ಸಲ ಕುಟ್ಟಿದಂತೆ ಕೇಳುತ್ತಿತ್ತು.

ಎಂಜಿಎಂ ಸ್ಟುಡಿಯೊದ ಧ್ವನಿ ವಿಭಾಗದ ಮುಖ್ಯಸ್ಥ ಡಗ್ಲಸ್ ಶಿಯರರ್ ಇದನ್ನು ಸರಿಪಡಿಸಲು ತಂಡ ಕಟ್ಟಿದ. ಜಾನ್ ಹಿಲಿಯಾರ್ಡ್ ವಿನ್ಯಾಸದ ಮುಂದಾಳು. ಸ್ಪೀಕರ್ ಘಟಕಗಳನ್ನು ಮಾಡಿಕೊಡುವ ಹೊಣೆ ಬಂದದ್ದು ಲ್ಯಾನ್ಸಿಂಗ್ ಕಾರ್ಖಾನೆಗೆ. ಅಲ್ಲಿ ಜಾನ್ ಬ್ಲ್ಯಾಕ್‌ಬರ್ನ್ ಎಂಬ ವಿಜ್ಞಾನಿಯ ಲೆಕ್ಕವೂ ಲ್ಯಾನ್ಸಿಂಗ್ ಕೈಯೂ ಸೇರಿದವು. ದಪ್ಪ ದನಿಗೆ 15 ಇಂಚಿನ ಕೋನ್, ತೆಳು ದನಿಗೆ ಕಂಪ್ರೆಷನ್ ಡ್ರೈವರ್ ತಯಾರಾಯಿತು. ದಪ್ಪ ದನಿಯ ಹಾರ್ನನ್ನು ಗಿಡ್ಡ ಮಾಡಿ, ಎರಡೂ ಸದ್ದು ಒಟ್ಟಿಗೆ ಕಿವಿ ಮುಟ್ಟುವಂತೆ ಜೋಡಿಸಿದರು. ಇದಕ್ಕೆ ‘ಶಿಯರರ್ ಹಾರ್ನ್’ ಎಂಬ ಹೆಸರು ಬಂತು. 1936ನೇ ಸಾಲಿನ ಅಕಾಡೆಮಿ ತಾಂತ್ರಿಕ ಪ್ರಶಸ್ತಿಯೂ ಬಂತು. ಪ್ರಶಸ್ತಿ ಪತ್ರದಲ್ಲಿ ಇದ್ದದ್ದು ಶಿಯರರ್ ಮತ್ತು ಎಂಜಿಎಂ ಧ್ವನಿ ವಿಭಾಗದ ಹೆಸರು. ಸ್ಪೀಕರ್ ಮಾಡಿದವನ ಹೆಸರು ಅದರಲ್ಲಿ ಇರಲಿಲ್ಲ.

ಪ್ರಾಜೆಕ್ಟ್ ಮಾಡಿದವನೊಬ್ಬ, ವೇದಿಕೆ ಹತ್ತಿದವನೊಬ್ಬ ಎಂಬ ಮಾತು ನಮ್ಮ ಕಾಲೇಜುಗಳಲ್ಲೂ ಕೇಳಿಬರುತ್ತದೆ. ಲ್ಯಾನ್ಸಿಂಗ್ ಅಲ್ಲಿಗೆ ಕೆಲಸ ನಿಲ್ಲಿಸಲಿಲ್ಲ. ಅದೇ ತಂತ್ರವನ್ನು ಚಿಕ್ಕದು ಮಾಡಿ, ಸ್ಟುಡಿಯೊಗಳಲ್ಲಿ ಇಡಬಹುದಾದ ‘ಐಕಾನಿಕ್’ ಎಂಬ ಸ್ಪೀಕರನ್ನು 1937ರ ಸುಮಾರಿಗೆ ತಂದ.

ಜತೆಗಾರ ಹೋದ ಮೇಲೆ

1930ರ ದಶಕದ ಆರ್ಥಿಕ ಕುಸಿತದಲ್ಲಿ ಅಮೆರಿಕದ ಸಣ್ಣ ಕಾರ್ಖಾನೆಗಳು ಒಂದೊಂದಾಗಿ ಬಾಗಿಲು ಹಾಕಿದವು. ಲ್ಯಾನ್ಸಿಂಗ್ ಕಾರ್ಖಾನೆ ಹೇಗೋ ಉಸಿರು ಹಿಡಿದುಕೊಂಡಿತ್ತು. 1939ರಲ್ಲಿ ಕೆನ್ ಡೆಕರ್ ವಿಮಾನ ಅಪಘಾತದಲ್ಲಿ ಸತ್ತ. ಅಲ್ಲಿಯವರೆಗೆ ಬಿಲ್ಲು, ಬಾಕಿ, ಬ್ಯಾಂಕು ಎಲ್ಲ ಡೆಕರ್ ಕೈಯಲ್ಲಿತ್ತು. ಲ್ಯಾನ್ಸಿಂಗ್‌ಗೆ ಕಾಯಿಲ್ ಸುತ್ತುವುದು ಗೊತ್ತಿತ್ತು, ಲೆಕ್ಕದ ಪುಸ್ತಕ ಗೊತ್ತಿರಲಿಲ್ಲ. ಎರಡೇ ವರ್ಷದಲ್ಲಿ ಕಂಪನಿ ಕುಸಿಯುವ ಹಂತಕ್ಕೆ ಬಂತು.

ಚಿತ್ರಮಂದಿರಗಳ ಧ್ವನಿ ಉಪಕರಣ ನೋಡಿಕೊಳ್ಳುತ್ತಿದ್ದ ಆಲ್ಟೆಕ್ ಎಂಬ ಕಂಪನಿ 1941ರ ಡಿಸೆಂಬರಿನಲ್ಲಿ ಸುಮಾರು 50 ಸಾವಿರ ಡಾಲರ್‌ಗೆ ಅದನ್ನು ಕೊಂಡಿತು. ಹೊಸ ಹೆಸರು ‘ಆಲ್ಟೆಕ್ ಲ್ಯಾನ್ಸಿಂಗ್’. ಕಂಪ್ಯೂಟರ್ ಪಕ್ಕದ ಸ್ಪೀಕರುಗಳ ಮೇಲೆ ಈ ಹೆಸರನ್ನು ನಮ್ಮ ಅಣ್ಣಂದಿರು ನೋಡಿರುತ್ತಾರೆ. ಹೀಗೆ ಕಂಪನಿ, ಕಾರ್ಖಾನೆ, ಹೆಸರು ಮೂರೂ ಬೇರೆಯವರದ್ದಾಯಿತು. ಐದು ವರ್ಷ ಅಲ್ಲೇ ಕೆಲಸ ಮಾಡುವ ಒಪ್ಪಂದಕ್ಕೆ ಸಹಿ ಹಾಕಿ ಲ್ಯಾನ್ಸಿಂಗ್ ಉದ್ಯೋಗಿಯಾದ.

ಆ ಐದು ವರ್ಷ ಅವನ ಕೈಯಿಂದ ಬಂದ ಕೆಲಸ ನೋಡಿದರೆ ಸೋತ ಮನುಷ್ಯ ಎನ್ನಿಸುವುದಿಲ್ಲ. ಒಂದೇ ಚೌಕಟ್ಟಿನೊಳಗೆ ದಪ್ಪ ದನಿ, ತೆಳು ದನಿ ಎರಡನ್ನೂ ಕೂರಿಸಿದ ‘604 ಡ್ಯುಪ್ಲೆಕ್ಸ್’ ಮುಂದೆ ದಶಕಗಳ ಕಾಲ ರೆಕಾರ್ಡಿಂಗ್ ಸ್ಟುಡಿಯೊಗಳಲ್ಲಿ ನೆಲೆಯಾಯಿತು. ಯುದ್ಧ ಮುಗಿಯುವ ಹೊತ್ತಿಗೆ ಬಂದ ‘ವಾಯ್ಸ್ ಆಫ್ ದ ಥಿಯೇಟರ್’ ಸರಣಿ ಅಮೆರಿಕದ ಚಿತ್ರಮಂದಿರಗಳನ್ನು ತುಂಬಿತು.

ಚಪ್ಪಟೆ ತಂತಿಯ ಗುಟ್ಟು

ಲ್ಯಾನ್ಸಿಂಗ್ ಕೆಲಸದ ಬೆಲೆ ಎಲ್ಲಿತ್ತು ಎಂದು ತಿಳಿಯಲು ಸ್ಪೀಕರ್ ಹೊಟ್ಟೆಯೊಳಗೆ ಒಂದು ಸಲ ಇಣುಕಬೇಕು. ಕೋನ್‌ನ ಬುಡದಲ್ಲಿ ತಂತಿಯ ಸುರುಳಿ ಇರುತ್ತದೆ. ಅದೇ ವಾಯ್ಸ್ ಕಾಯಿಲ್. ಆಯಸ್ಕಾಂತದ ನಡುವಿನ ಕಿರಿದಾದ ಸಂದಿಯಲ್ಲಿ ಅದು ಮುಟ್ಟಿಯೂ ಮುಟ್ಟದಂತೆ ಕುಣಿಯಬೇಕು. ಸಂದಿ ಕಿರಿದಾದಷ್ಟೂ ಆಯಸ್ಕಾಂತದ ಬಲ ಹೆಚ್ಚು. ಆದರೆ ದುಂಡು ತಂತಿಯನ್ನು ಪಕ್ಕಪಕ್ಕ ಸುತ್ತಿದರೆ ಸಂದುಗಳಲ್ಲಿ ಗಾಳಿ ಉಳಿಯುತ್ತದೆ. ಚೌಕದೊಳಗೆ ವೃತ್ತ ಬರೆದ ಲೆಕ್ಕ ಇದು: ಶೇ 78ರಷ್ಟು ಲೋಹ, ಉಳಿದ ಶೇ 22ರಷ್ಟು ಖಾಲಿ. ಲ್ಯಾನ್ಸಿಂಗ್ ತಂತಿಯನ್ನು ರಿಬ್ಬನ್ನಿನಂತೆ ಚಪ್ಪಟೆ ಮಾಡಿ, ಅಂಚಿನ ಮೇಲೆ ನಿಲ್ಲಿಸಿ ಸುತ್ತಿದ. ಖಾಲಿ ಜಾಗ ಹೆಚ್ಚೂಕಡಿಮೆ ಇಲ್ಲವಾಯಿತು. ಅಷ್ಟೇ ಜಾಗದಲ್ಲಿ ಹೆಚ್ಚು ಲೋಹ, ಹೆಚ್ಚು ಬಲ.

ಕಾಗದದ ಮೇಲೆ ಇದು ಎರಡು ಸಾಲು. ಕೈಯಲ್ಲಿ ಮಾಡುವುದು ಎಷ್ಟು ಕಷ್ಟ ಎಂದು ನನಗೆ ಅಂದಾಜು ಸಿಕ್ಕಿದ್ದು ಸೋದರಮಾವನ ಅಂಗಡಿಯಲ್ಲಿ. ಹಾವೇರಿ ಕಡೆಯ ಹಳ್ಳಿಯಲ್ಲಿ ಅವರದ್ದು ಶಾಮಿಯಾನ ಮತ್ತು ಮೈಕ್‌ಸೆಟ್ ವ್ಯಾಪಾರ. ಜಾತ್ರೆಯಲ್ಲಿ ಇಡೀ ರಾತ್ರಿ ನಾಟಕ ನಡೆದ ಮರುದಿನ ಸುಟ್ಟ ಕಾಯಿಲ್‌ಗಳ ಸಾಲು ಇರುತ್ತದೆ. ಮಾವ ಹಳೆಯ ಕೋನ್ ಬಿಡಿಸಿ, ಸಂದಿಯ ಧೂಳನ್ನು ಟೇಪಿನಿಂದ ಎಳೆದು, ಹೊಸ ಕಾಯಿಲ್ ಕೂರಿಸಿ, ಗಮ್ ಒಣಗುವವರೆಗೂ ಅದು ಒಂದು ಕಡೆ ವಾಲದಂತೆ ಕಾಯುತ್ತಾರೆ. ಕೂದಲೆಳೆಯಷ್ಟು ವಾಲಿದರೂ ಸ್ಪೀಕರ್ ಕರಕರ ಎನ್ನುತ್ತದೆ. ಬೇರೆಯವರ ಸ್ಪೀಕರ್ ರಿಪೇರಿ ಮಾಡಿಕೊಟ್ಟಾಗ ಮಾವ ಕಾಯಿಲ್‌ಗೆ ಇಷ್ಟು, ಕೋನ್‌ಗೆ ಇಷ್ಟು, ಗಮ್‌ಗೆ ಇಷ್ಟು ಎಂದು ಬರೆಯುತ್ತಾರೆ. ಕೂತು ಕಾಯ್ದ ಮೂರು ಗಂಟೆಗೆ ಆ ಚೀಟಿಯಲ್ಲಿ ಜಾಗವೇ ಇರುವುದಿಲ್ಲ. ಕೇಳಿದರೆ ನಗುತ್ತಾರೆ. ಲ್ಯಾನ್ಸಿಂಗ್ ಚೀಟಿಯೂ ಹೆಚ್ಚೂಕಡಿಮೆ ಹೀಗೇ ಇದ್ದಿರಬೇಕು ಎಂದು ನನಗೆ ಅನ್ನಿಸುತ್ತದೆ.

ಎರಡನೇ ಸಲ ಅಂಗಡಿ

ಐದು ವರ್ಷದ ಒಪ್ಪಂದ ಮುಗಿದ ಕೂಡಲೇ, 1946ರ ಅಕ್ಟೋಬರಿನಲ್ಲಿ, ಲ್ಯಾನ್ಸಿಂಗ್ ಮತ್ತೆ ಸ್ವಂತ ಕಂಪನಿ ತೆರೆದ. ‘ಲ್ಯಾನ್ಸಿಂಗ್ ಸೌಂಡ್’ ಎಂದು ಹೆಸರಿಟ್ಟ. ಆಲ್ಟೆಕ್ ತಕರಾರು ಎತ್ತಿತು: ಲ್ಯಾನ್ಸಿಂಗ್ ಎಂಬ ಹೆಸರು ಮಾರಿಯಾಗಿದೆಯಲ್ಲ! ತನ್ನದೇ ಹೆಸರಿಗಾಗಿ ತಕರಾರು. ಕೊನೆಗೆ ಪೂರ್ತಿ ಹೆಸರು ಹಾಕಿ ‘ಜೇಮ್ಸ್ ಬಿ. ಲ್ಯಾನ್ಸಿಂಗ್ ಸೌಂಡ್’ ಎಂದು ಬದಲಿಸಿದ. ಉದ್ದ ಹೆಸರು ಮುಂದೆ ಜನರ ಬಾಯಲ್ಲಿ ಜೆಬಿಎಲ್ ಆಯಿತು.

ಹೊಸ ಕಂಪನಿಯ ಹೆಮ್ಮೆ ಡಿ130 ಎಂಬ 15 ಇಂಚಿನ ಸ್ಪೀಕರ್. ಅದರ ಕಾಯಿಲ್ ನಾಲ್ಕು ಇಂಚು ಅಗಲ. ಆ ಅಳತೆಯ ಕಾಯಿಲ್ ಅಂದಿಗೆ ಹೊಸದು. ಯುದ್ಧಕ್ಕೆ ಮೊದಲು ದೊಡ್ಡ ಸ್ಪೀಕರ್‌ಗಳಲ್ಲಿ ವಿದ್ಯುತ್ ಹರಿಸಿದರೆ ಮಾತ್ರ ಕೆಲಸ ಮಾಡುವ ಎಲೆಕ್ಟ್ರೊಮ್ಯಾಗ್ನೆಟ್ ಇರುತ್ತಿತ್ತು. ಅಲ್ಯೂಮಿನಿಯಂ, ನಿಕಲ್, ಕೋಬಾಲ್ಟ್ ಬೆರೆಸಿದ ಆಲ್ನಿಕೊ-5 ಎಂಬ ಹೊಸ ಆಯಸ್ಕಾಂತ ಬಂದ ಮೇಲೆ ಆ ಕಷ್ಟ ತಪ್ಪಿತು. ಲ್ಯಾನ್ಸಿಂಗ್ ಅದನ್ನೇ ಹಿಡಿದ. ಡಿ130ಗೆ ಒಂದು ವ್ಯಾಟ್ ಕೊಟ್ಟರೆ ಒಂದು ಮೀಟರ್ ದೂರದಲ್ಲಿ ಸುಮಾರು 100 ಡೆಸಿಬಲ್ ಸದ್ದು. ನಮ್ಮ ಮೇಜಿನ ಮೇಲಿನ ಸಾಧಾರಣ ಸ್ಪೀಕರ್ 87 ಡೆಸಿಬಲ್ ಕೊಡುತ್ತದೆ ಎಂದುಕೊಳ್ಳಿ. 13 ಡೆಸಿಬಲ್ ವ್ಯತ್ಯಾಸ ಎಂದರೆ 20 ಪಟ್ಟು ಶಕ್ತಿ. ಲ್ಯಾನ್ಸಿಂಗ್ ಸ್ಪೀಕರ್ ಒಂದು ವ್ಯಾಟ್‌ನಲ್ಲಿ ಕೊಡುವ ಸದ್ದಿಗೆ ನಮ್ಮದಕ್ಕೆ 20 ವ್ಯಾಟ್ ಬೇಕು.

ವಸ್ತು ಒಳ್ಳೆಯದು, ಹೆಸರೂ ಇತ್ತು. ದುಡ್ಡು ಮಾತ್ರ ನಿಲ್ಲಲಿಲ್ಲ. ಮಾರ್ಕ್ವಾರ್ಟ್ ಎಂಬ ವಿಮಾನ ಎಂಜಿನ್ ಕಂಪನಿ ಬಂಡವಾಳ ಹಾಕಿತು. ಅದರ ಕಡೆಯಿಂದ ಬಿಲ್ ಥಾಮಸ್ ಎಂಬಾತ ಲೆಕ್ಕಪತ್ರ ನೋಡಲು ಬಂದ. 1949ರಲ್ಲಿ ಮಾರ್ಕ್ವಾರ್ಟನ್ನೇ ಜನರಲ್ ಟೈರ್ ಕಂಪನಿ ಕೊಂಡಿತು. ಟೈರ್ ಕಂಪನಿಗೆ ಸ್ಪೀಕರ್ ಯಾಕೆ? ಹೊಸ ಮಾಲೀಕರು ಕೈಬಿಟ್ಟರು. ಆ ಹೊತ್ತಿಗೆ ಸಾಲ ಸುಮಾರು 20 ಸಾವಿರ ಡಾಲರ್ ಆಗಿತ್ತು.

1949ರ ಸೆಪ್ಟೆಂಬರಿನಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಮಾರ್ಕೋಸ್‌ನಲ್ಲಿ, ತನ್ನ ಬೆಣ್ಣೆಹಣ್ಣಿನ ತೋಟದಲ್ಲಿ, ಲ್ಯಾನ್ಸಿಂಗ್ ಆತ್ಮಹತ್ಯೆ ಮಾಡಿಕೊಂಡ. ವಯಸ್ಸು 47. ಇಂಥ ಸಾವಿಗೆ ಒಂದೇ ಕಾರಣ ಇರುತ್ತದೆ ಎಂದು ಹೇಳಲು ಬರುವುದಿಲ್ಲ. ಆದರೆ ವ್ಯಾಪಾರದ ಒತ್ತಡ, ತೀರದ ಸಾಲ ಅವನ ಸುತ್ತ ಇದ್ದದ್ದು ನಿಜ.

ಇಲ್ಲಿ ಒಂದು ಲೆಕ್ಕ ಹಾಕದೆ ಇರಲು ನನ್ನಿಂದ ಆಗಲಿಲ್ಲ. 1949ರಿಂದ ಈಚೆಗೆ ಅಮೆರಿಕದಲ್ಲಿ ಬೆಲೆಗಳು ಹತ್ತು ಪಟ್ಟಿಗೂ ಹೆಚ್ಚು ಏರಿವೆ. ಆ 20 ಸಾವಿರ ಡಾಲರ್ ಇಂದು ಎರಡೂವರೆ ಲಕ್ಷ ಡಾಲರಿಗೂ ಹೆಚ್ಚು. ಅಂದರೆ ಅವನದೇ ಹೆಸರು ಹೊತ್ತ ಎವರೆಸ್ಟ್ ಸ್ಪೀಕರಿನ ಮೂರ್ನಾಲ್ಕು ಜೋಡಿಯ ಬೆಲೆ. ಬೆಟ್ಟದಂತೆ ಎದುರು ನಿಂತಿದ್ದ ಸಾಲ ಅಷ್ಟೇ.

ಹೆಸರು ಬೆಳೆದ ಬಗೆ

ಕಂಪನಿಯನ್ನು ಮುಂದೆ ಹೊತ್ತುಕೊಂಡವನು ಬಿಲ್ ಥಾಮಸ್. ಲ್ಯಾನ್ಸಿಂಗ್ ವಿನ್ಯಾಸವನ್ನು ಮುಟ್ಟದೆ, ಮಾರುವ ರೀತಿಯನ್ನು ಬದಲಿಸಿದ. 1954ರಲ್ಲಿ ‘ಹಾರ್ಟ್ಸ್‌ಫೀಲ್ಡ್’, 1957ರಲ್ಲಿ ‘ಪ್ಯಾರಗಾನ್’ ಎಂಬ ದೊಡ್ಡ ಸ್ಪೀಕರ್‌ಗಳು ಬಂದವು. ಅವು ಬೈಠಕ್ ಖಾನೆಯ ಪೀಠೋಪಕರಣದಂತೆ ಇದ್ದವು, ಸಿರಿವಂತರ ಮನೆಗೆ ಹೋದವು. ಚಿತ್ರಮಂದಿರದ ಉಪಕರಣ ಅಂತಸ್ತಿನ ಗುರುತಾದದ್ದು ಆಗಿನಿಂದ. ಅತ್ತ ಲಿಯೊ ಫೆಂಡರ್ ಗಿಟಾರ್ ಆಂಪ್ಲಿಫೈಯರುಗಳಲ್ಲಿ ಡಿ130 ಬಳಸಿದ. 1969ರ ವುಡ್‌ಸ್ಟಾಕ್ ಸಂಗೀತ ಉತ್ಸವದಲ್ಲಿ ಲಕ್ಷಾಂತರ ಜನರಿಗೆ ಹಾಡು ಕೇಳಿಸಿದ ವ್ಯವಸ್ಥೆಯಲ್ಲಿ ದಪ್ಪ ದನಿಗೆ ಜೆಬಿಎಲ್ ಕೋನ್‌ಗಳೂ ತೆಳು ದನಿಗೆ ಆಲ್ಟೆಕ್ ಹಾರ್ನ್‌ಗಳೂ ಇದ್ದವು. ಹೆಸರಿಗಾಗಿ ಜಗಳವಾಡಿದ್ದ ಎರಡು ಕಂಪನಿಗಳು ಅಂದು ಒಂದೇ ವೇದಿಕೆಯ ಮೇಲೆ.

ಅದೇ ವರ್ಷ ಥಾಮಸ್ ಕಂಪನಿಯನ್ನು ಸಿಡ್ನಿ ಹಾರ್ಮನ್‌ನ ಸಂಸ್ಥೆಗೆ ಮಾರಿದ. ಅದು ಹಾರ್ಮನ್ ಇಂಟರ್‌ನ್ಯಾಷನಲ್ ಆಗಿ ಬೆಳೆಯಿತು. 2017ರಲ್ಲಿ ಸ್ಯಾಮ್‌ಸಂಗ್ ಸುಮಾರು 800 ಕೋಟಿ ಡಾಲರ್ ಕೊಟ್ಟು ಹಾರ್ಮನ್‌ನನ್ನೇ ಕೊಂಡಿತು. ಬೆಂಗಳೂರಿನಲ್ಲಿರುವ ಹಾರ್ಮನ್ ಕಚೇರಿಯಲ್ಲಿ ನಮ್ಮ ರಾಜ್ಯದ ಕಾಲೇಜುಗಳಲ್ಲಿ ಓದಿದ ಎಂಜಿನಿಯರ್‌ಗಳು ಕೆಲಸ ಮಾಡುತ್ತಿದ್ದಾರೆ. 50 ಸಾವಿರ ಡಾಲರ್‌ಗೆ ಒಮ್ಮೆ ಮಾರಿಹೋದವನ ಹೆಸರಿನ ನೆರಳು ಇಷ್ಟು ದೂರ ಚಾಚಿದೆ.

ಬೆಲೆ ಏರಿದ್ದು ಯಾಕೆ?

ಈಗ ಮೊದಲ ಪ್ರಶ್ನೆಗೆ ಬರೋಣ. ಕೆಲವು ಸಲ ಬೆಲೆ ಏರುವುದು ವಸ್ತುವಿನಿಂದ. 1978ರಲ್ಲಿ ಆಗಿನ ಜೈರ್, ಈಗಿನ ಕಾಂಗೊ ದೇಶದ ಗಣಿ ಪ್ರದೇಶದಲ್ಲಿ ಯುದ್ಧವಾದಾಗ ಕೋಬಾಲ್ಟ್ ಬೆಲೆ ಹುಚ್ಚೆದ್ದು ಏರಿತು. ಆಲ್ನಿಕೊ ಕೈಗೆಟುಕದಾಯಿತು. ಸ್ಪೀಕರ್ ಕಂಪನಿಗಳು ಅಗ್ಗದ ಫೆರೈಟ್ ಆಯಸ್ಕಾಂತಕ್ಕೆ ಹೊರಳಿದವು. ನಮ್ಮ ಮೈಕ್‌ಸೆಟ್ ಪೆಟ್ಟಿಗೆಗಳ ಹಿಂದೆ ಕಾಣುವ ಕಪ್ಪು ದುಂಡು ಆಯಸ್ಕಾಂತ ಅದೇ.

ಇಂದಿನ ಅತಿ ದುಬಾರಿ ಸ್ಪೀಕರುಗಳಲ್ಲೂ ವಸ್ತುವಿನ ಖರ್ಚು ಇದೆ. ಎವರೆಸ್ಟ್‌ನ ತೆಳು ದನಿಯ ತಟ್ಟೆ ಬೆರಿಲಿಯಂನದು. ಅದು ಹಗುರ, ಗಟ್ಟಿ. ಆದರೆ ಅದರ ಪುಡಿ ವಿಷ, ಎಚ್ಚರದಿಂದ ಕೆಲಸ ಮಾಡಬೇಕು. ಒಂದೊಂದು ಪೆಟ್ಟಿಗೆಯ ತೂಕ ನೂರು ಕೆ.ಜಿ.ಗೂ ಹೆಚ್ಚು. ದಪ್ಪ ದನಿಗೆ 15 ಇಂಚಿನ ಕೋನ್, ಅದರ ಬುಡದಲ್ಲಿ ನಾಲ್ಕು ಇಂಚಿನ ಚಪ್ಪಟೆ ತಂತಿಯ ಕಾಯಿಲ್. ಹೌದು, ಲ್ಯಾನ್ಸಿಂಗ್ ಹಾಕಿಕೊಟ್ಟ ಅದೇ ಅಳತೆ. ಇಂಥವು ಮಾರಾಟವಾಗುವುದು ಕೆಲವೇ ಜೋಡಿ. ವರ್ಷಗಳ ಸಂಶೋಧನೆಯ ಖರ್ಚು ಲಕ್ಷ ಗಿರಾಕಿಗಳ ಮೇಲೆ ಹಂಚಿಹೋದರೆ ಗೊತ್ತೇ ಆಗುವುದಿಲ್ಲ. ಕೆಲವೇ ಜನರ ಮೇಲೆ ಬಿದ್ದರೆ ಲಕ್ಷಗಳಾಗುತ್ತದೆ.

ಉಳಿದದ್ದು ಹೆಸರಿನ ಬೆಲೆ. 1994ರಲ್ಲಿ ಹಾರ್ಮನ್‌ನಲ್ಲೇ ಇದ್ದ ಫ್ಲಾಯ್ಡ್ ಟೂಲ್ ಮತ್ತು ಶಾನ್ ಆಲಿವ್ ತಮ್ಮದೇ ಸಂಸ್ಥೆಯ ನೌಕರರ ಮೇಲೆ ಪರೀಕ್ಷೆ ಮಾಡಿದರು. ಒಮ್ಮೆ ಸ್ಪೀಕರ್ ಕಣ್ಣಿಗೆ ಕಾಣುವಂತೆ, ಒಮ್ಮೆ ಪರದೆಯ ಹಿಂದೆ ಇಟ್ಟು ಅಂಕ ಕೊಡಲು ಹೇಳಿದರು. ಕಣ್ಣಿಗೆ ಕಂಡಾಗ ದೊಡ್ಡ, ದುಬಾರಿ ಸ್ಪೀಕರ್‌ಗೆ ಅಂಕ ಏರಿತು. ಸಣ್ಣ, ಅಗ್ಗದ್ದಕ್ಕೆ ಇಳಿಯಿತು. ಪರದೆ ಎಳೆದಾಗ ಆ ಅಂತರ ಕರಗಿತು. ನಾವು ಕಿವಿಯಿಂದ ಮಾತ್ರ ಕೇಳುವುದಿಲ್ಲ, ಕಣ್ಣಿನಿಂದಲೂ ಬೆಲೆಚೀಟಿಯಿಂದಲೂ ಕೇಳುತ್ತೇವೆ. ಬೆಲೆ ಏರಿಸಿದರೆ ಗಿರಾಕಿ ಓಡಿಹೋಗುವ ಬದಲು ಹತ್ತಿರ ಬರುವ ಮಾರುಕಟ್ಟೆ ಇದು. ಅದಕ್ಕೇ ಇದಕ್ಕೆ ಛಾವಣಿ ಇಲ್ಲ.

ಕೌಶಲಕ್ಕೆ ಬೆಲೆ ಇದೆ, ಹೆಸರಿಗೆ ಅದಕ್ಕಿಂತ ಹೆಚ್ಚು ಬೆಲೆ ಇದೆ. ಆದರೆ ಎರಡೂ ತಾವಾಗಿ ನಡೆದು ಕೌಶಲ ಇದ್ದವನ ಜೇಬಿಗೆ ಬರುವುದಿಲ್ಲ. ಲ್ಯಾನ್ಸಿಂಗ್ ಬದುಕಿನಿಂದ ನನಗೆ ಸಿಕ್ಕ ತಿಳಿವಳಿಕೆ ಇದು. ಡೆಕರ್ ಇದ್ದಷ್ಟು ದಿನ ಕಾರ್ಖಾನೆ ನಡೆಯಿತು. ಥಾಮಸ್ ಬಂದ ಮೇಲೆ ಮತ್ತೆ ನಡೆಯಿತು. ನಡುವಿನ ವರ್ಷಗಳಲ್ಲಿ ಒಬ್ಬನೇ ಎಲ್ಲವನ್ನೂ ಹೊರಲು ಹೋದ. ನಮ್ಮಲ್ಲಿ ಸ್ಟಾರ್ಟ್‌ಅಪ್ ಕನಸು ಕಾಣುವವರು ತುಂಬ ಇದ್ದಾರೆ. ಕೋಡ್ ಬರೆಯುವ, ಸರ್ಕ್ಯೂಟ್ ಜೋಡಿಸುವ ಗೆಳೆಯರನ್ನು ಹುಡುಕುವಷ್ಟೇ ಗಂಭೀರವಾಗಿ ಲೆಕ್ಕ ಬರೆಯುವ ಗೆಳೆಯನೊಬ್ಬನನ್ನೂ ಹುಡುಕಿಕೊಳ್ಳಿ. ಬಿ.ಕಾಂ. ಓದುವವರನ್ನು ಎಂಜಿನಿಯರಿಂಗ್‌ನವರು ಸಸಾರ ಮಾಡುವ ಚಾಳಿಯನ್ನು ಬಿಡೋಣ. ನಿಮ್ಮ ಕೆಲಸದ ಗಂಟೆಗಳಿಗೆ ಚೀಟಿಯಲ್ಲಿ ಒಂದು ಸಾಲು ಇರಲಿ. ಹೆಸರನ್ನು ಬರೆದುಕೊಡುವ ಕಾಗದಕ್ಕೆ ಸಹಿ ಹಾಕುವ ಮುಂಚೆ ಎರಡು ಸಲ ಓದಿ.

ಕೊನೆಯ ಮಾತು ಇದಕ್ಕಿಂತ ದೊಡ್ಡದು. ನಮ್ಮಲ್ಲಿ ಅನೇಕರ ತಲೆಯ ಮೇಲೆ ಶಿಕ್ಷಣ ಸಾಲವಿದೆ. ಪ್ಲೇಸ್‌ಮೆಂಟ್ ಪಟ್ಟಿಯಲ್ಲಿ ಹೆಸರು ಇಲ್ಲದ ದಿನ ಮನೆಗೆ ಫೋನ್ ಮಾಡಲು ಕೈ ಬರುವುದಿಲ್ಲ. ಆ ಹೊತ್ತಿಗೆ ಸಾಲದ ಅಂಕಿಯೇ ನಮ್ಮ ಬೆಲೆ ಎನ್ನಿಸಿಬಿಡಬಹುದು. ಲ್ಯಾನ್ಸಿಂಗ್‌ಗೂ ಹಾಗೇ ಅನ್ನಿಸಿತೋ ಏನೋ. ಅವನ ಕೈಯ ಕೆಲಸ ಎಷ್ಟು ಬಾಳುವಂಥದ್ದು ಎಂದು ಮುಂದಿನ ಎಪ್ಪತ್ತೈದು ವರ್ಷ ಲೋಕ ತೋರಿಸಿತು. ನೋಡಲು ಅವನು ಇರಲಿಲ್ಲ. ನಷ್ಟ ಆ ಮನೆಯದು, ಗ್ಲೆನ್ನಾಳದು. ಎದೆ ಭಾರವಾದರೆ ಅಪ್ಪನಿಗೋ ಅಕ್ಕನಿಗೋ ಮೇಷ್ಟ್ರಿಗೋ ರೂಮ್‌ಮೇಟ್‌ಗೋ ಹೇಳಿಕೊಳ್ಳಿ. ಹೇಳಲು ಯಾರೂ ಇಲ್ಲ ಎನ್ನಿಸಿದರೆ ಕೇಂದ್ರ ಸರ್ಕಾರದ ಟೆಲಿಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಕರೆ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಸಾಲಕ್ಕೆ ಕಂತು ಇರುತ್ತದೆ, ಮರುಪರೀಕ್ಷೆಗೆ ದಿನಾಂಕ ಇರುತ್ತದೆ, ಕೆಲಸಕ್ಕೆ ಇನ್ನೊಂದು ಕಂಪನಿ ಇರುತ್ತದೆ. ಮನುಷ್ಯನಿಗೆ ಬದಲಿ ಇರುವುದಿಲ್ಲ.